ಮಠದ ಊಟದ ಚಿತ್ರವನ್ನು ನಾನು ಓದುವ ಬಗೆ

ರೊಟ್ಟಿ ಎಂದರೆ ಇದು, ಹೂಜಿ ಎಂದರೆ ಅದು ಅಂತ ಸಂಕೇತಗಳ ಪಟ್ಟಿ ಹಿಡಿದು ಚಿತ್ರದ ಮುಂದೆ ನಿಂತರೆ ದಾರಿ ತಪ್ಪುವುದು ಖಂಡಿತ. ಊಟದ ಚಿತ್ರಕ್ಕೆ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಬಟ್ಟಲಲ್ಲಿ ಏನಿದೆ? ಇದು ಯಾವ ದಿನ?

ಹದಿನೇಳನೇ ಶತಮಾನದ ಸ್ಪೇನಿನ ಚಿತ್ರಕಾರ ಜುರ್ಬರಾನ್ ಬರೆದ, ಕಾರ್ಥೂಸಿಯನ್ ಸನ್ಯಾಸಿಗಳ (ಏಕಾಂತದಲ್ಲಿ ಬದುಕುವ ಕ್ರೈಸ್ತ ಪಂಗಡ) ಊಟದ ಮನೆಗೆ ಬಿಷಪ್ ಸಂತ ಹ್ಯೂ ಬಂದ ಚಿತ್ರವನ್ನೇ ತೆಗೆದುಕೊಳ್ಳಿ. ಮೊದಲು ತಲೆ ಎಣಿಸುತ್ತೇನೆ. ಬಿಳಿ ಉಡುಪಿನವರು ಏಳು ಜನ. ಹದಿಮೂರಲ್ಲ, ಹಾಗಾಗಿ ಯೇಸು ಹನ್ನೆರಡು ಶಿಷ್ಯರೊಂದಿಗೆ ಉಂಡ ಕಡೆಯ ಭೋಜನವನ್ನು ಇದರ ಮೇಲೆ ಹೇರುವಂತಿಲ್ಲ. 1084ರಲ್ಲಿ ಈ ಪಂಗಡದ ಮೊದಲ ಮಠ ಕಟ್ಟಿದ ಬ್ರೂನೋ ಮತ್ತು ಆರು ಸಂಗಡಿಗರು ಇವರು.

ಬಟ್ಟಲಲ್ಲಿರುವುದು ಮಾಂಸ, ಆದರೆ ಕಾರ್ಥೂಸಿಯನ್ನರು ಮಾಂಸ ಮುಟ್ಟುವುದಿಲ್ಲ. ನಮ್ಮ ಓದುಗರು ಎಡವುವುದು ಇಲ್ಲೇ: ಅಹಿಂಸೆಯ ಮಾತು ಎಂದುಕೊಳ್ಳುತ್ತಾರೆ. ಅಲ್ಲ. ಈ ಸನ್ಯಾಸಿಗಳಿಗೆ ಮೀನು ಸಲ್ಲುತ್ತದೆ. ಮಾಂಸ ಬಿಡುವುದು ದೇಹದಂಡನೆ, ತಪಸ್ಸು.

ದಿನ ಹೇಳುವುದು ಮೇಜು. ಕಾರ್ಥೂಸಿಯನ್ನರು ದಿನನಿತ್ಯ ಉಣ್ಣುವುದು ತಂತಮ್ಮ ಕೋಣೆಯಲ್ಲಿ, ಒಬ್ಬೊಬ್ಬರೇ. ಪಂಕ್ತಿ ಭೋಜನ ಭಾನುವಾರ ಮತ್ತು ಹಬ್ಬಕ್ಕೆ ಮಾತ್ರ. ಚಿತ್ರ ಹೇಳುವ ಐತಿಹ್ಯದ ಕಥೆಯೂ ತಪಸ್ಸುಕಾಲಕ್ಕೆ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಮುಂಚಿನ ಭಾನುವಾರದ್ದೇ. ಬಿಷಪ್ ಹ್ಯೂ ಮಾಂಸ ಕಳಿಸಿದ; ತಿನ್ನಬೇಕೇ ಬೇಡವೇ ಎಂದು ವಾದಿಸುತ್ತಲೇ ಏಳೂ ಜನ ನಿದ್ದೆಗೆ ಜಾರಿದರು. 45 ದಿನ ಕಳೆದು ಆತ ಬಂದಾಗ ಅವರು ಎಚ್ಚರಗೊಂಡರು, ಮಾಂಸ ಬೂದಿಯಾಯಿತು. ಪಾಸ್ಖದಿಂದ, ಅಂದರೆ ಈಸ್ಟರ್ ಹಬ್ಬದಿಂದ, ಹಿಂದಕ್ಕೆ ಎಣಿಸಿ: ಆ ಭಾನುವಾರ 49 ದಿನ ಮೊದಲು, ಅಲ್ಲಿಂದ 45 ದಿನ ಎಂದರೆ ಪಾಸ್ಖಕ್ಕೆ ಮುಂಚಿನ ಪವಿತ್ರ ವಾರದ ಬುಧವಾರ. ಅಂದರೆ ತಪಸ್ಸುಕಾಲ ಹೆಚ್ಚುಕಡಿಮೆ ನಿದ್ದೆಯಲ್ಲೇ ಮುಗಿದಿದೆ. ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ತಟ್ಟೆಗೇ ಬಂದಂತೆ.

ಬಲಗಡೆ ಊರುಗೋಲು ಹಿಡಿದು ಬಾಗಿದ ಮುದುಕನೇ ಹ್ಯೂ. ಇಲ್ಲಿ ಇತಿಹಾಸ ಸುಳ್ಳಾಗುತ್ತದೆ: 1053ರಲ್ಲಿ ಹುಟ್ಟಿದವನಿಗೆ ಆಗ ಮೂವತ್ತರ ಆಸುಪಾಸು, ಬ್ರೂನೋನೇ ಹಿರಿಯ. ಇದನ್ನು ಚಿತ್ರಕಾರನ ಅಜ್ಞಾನ ಎಂದು ತಳ್ಳಿಹಾಕುವುದು ಅವಸರದ ಓದು. ವಯಸ್ಸು ಇಲ್ಲಿ ಅಧಿಕಾರದ ಗುರುತು. ನೀಲಿ-ಬಿಳಿ ತಲವೇರಾ (ಸ್ಪೇನಿನ ಪಿಂಗಾಣಿ ಕೆಲಸದ ಊರು) ಹೂಜಿಗಳೂ ಹಾಗೆಯೇ, ಹನ್ನೊಂದನೇ ಶತಮಾನದವಲ್ಲ, ಚಿತ್ರಕಾರನ ಕಾಲದ ಸ್ಪೇನಿನವು. ಅವುಗಳ ಮೇಲಿನ ಲಾಂಛನವೂ ಹ್ಯೂನದಲ್ಲ, ಸೆವಿಲ್‌ನ ಕಾರ್ಥೂಸಿಯನ್ ಮಠ ಸ್ಥಾಪಿಸಿದ ಆರ್ಚ್‌ಬಿಷಪ್ ಗೊನ್ಸಾಲೊ ದೆ ಮೇನಾನದು.

ಗೋಡೆಯ ಮೇಲಿನ ಚಿತ್ರವನ್ನು ಅಲಂಕಾರ ಎಂದು ಬಿಟ್ಟುಬಿಡುವವರೇ ಹೆಚ್ಚು. ಅದರಲ್ಲಿ ಬಾಲಯೇಸುವಿನೊಂದಿಗೆ ಮರಿಯಮ್ಮ, ಜೊತೆಗೆ ಸ್ನಾನಿಕ ಯೊವಾನ್ನ. ಇಬ್ಬರೂ ಈ ಸನ್ಯಾಸಿಗಳ ಪಾಲಕ ಸಂತರು. ಮಿಡತೆ, ಕಾಡುಜೇನು ತಿಂದು ಬದುಕಿದ ಯೊವಾನ್ನ ಮಾಂಸದ ಬಟ್ಟಲುಗಳ ಮೇಲೆ ನಿಂತರೆ ವಾದಕ್ಕೆ ಉತ್ತರ ಸಿಕ್ಕಂತೆಯೇ.

ಮೇಜಿನ ಮೇಲೆ ಕವುಚಿಟ್ಟ ಬಟ್ಟಲೊಂದಿದೆ, ಚಾಕುಗಳಿವೆ. ಅವಕ್ಕೆ ನಾನು ಗೂಢಾರ್ಥ ಕಟ್ಟುವುದಿಲ್ಲ; ಉದ್ದನೆಯ ಬಿಳಿ ಬಟ್ಟೆಯ ಏಕತಾನ ಮುರಿಯಲು ಅಂಥದ್ದೇನೋ ಬೇಕೇ ಬೇಕಿತ್ತು.

ಕೊನೆಯ ಹೆಜ್ಜೆ, ಚಿತ್ರ ಎಲ್ಲಿ ತೂಗುತ್ತಿತ್ತು ಎಂದು ನೋಡುವುದು. ಸೆವಿಲ್‌ನ ಕಾರ್ಥೂಸಿಯನ್ ಮಠದ ಪೂಜಾಸಾಮಗ್ರಿ ಕೋಣೆಗೆಂದು ಬರೆದ ಮೂರರಲ್ಲಿ ಇದೊಂದು. ಉಳಿದೆರಡರಲ್ಲಿ ಸನ್ಯಾಸಿಗಳನ್ನು ಮೇಲಂಗಿಯಡಿ ಕಾಯುವ ಮರಿಯಮ್ಮ, ಪೋಪ್ ಎರಡನೇ ಅರ್ಬನ್ ಎದುರು ಕುಳಿತ ಬ್ರೂನೋ. ಈಗಲೂ ಮೂರೂ ಸೆವಿಲ್‌ನ ಲಲಿತಕಲಾ ಸಂಗ್ರಹಾಲಯದಲ್ಲೇ ಇವೆ. ಒಂದನ್ನೇ ನೋಡಿ ಹೊರಬೀಳಬೇಡಿ.