ಹೈಡ್ರೋಸ್ ಇಲ್ಲದ ಬೆಲ್ಲ: ಕಬ್ಬಿನ ಸಾಲಿನಿಂದ ಅಚ್ಚಿನವರೆಗೆ

ಅಂಗಡಿಯಲ್ಲಿ ಹಳದಿಗೆ ಹೊಳೆಯುವ ಬೆಲ್ಲವೇ ಮೊದಲು ಖಾಲಿಯಾಗುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಹೈಡ್ರೋಸ್ ಬೀಳುವುದಕ್ಕೆ ಮುಖ್ಯ ಕಾರಣವೇ ಇದು. ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಗೆ ಬಣ್ಣ ಹಾಕುವ ಕಡೆ ಬಳಸುವ ಪುಡಿ. ಅದು ಪಾಕದ ಕೊಳೆ ತೆಗೆಯುವುದಿಲ್ಲ, ಬಣ್ಣವನ್ನಷ್ಟೇ ಬಿಳುಚಿಸುತ್ತದೆ. ಇಟ್ಟ ಬೆಲ್ಲ ದಿನ ಕಳೆದಂತೆ ಮತ್ತೆ ಕಪ್ಪಾಗುತ್ತದೆ, ಗಂಧಕದ ಅಂಶ ಮಾತ್ರ ಒಳಗೇ ಉಳಿಯುತ್ತದೆ. ಸಲ್ಫೈಟ್ ಆಗದ ಉಬ್ಬಸದವರಿಗೆ ಇದರಿಂದ ತೊಂದರೆ ಹೆಚ್ಚಬಹುದು.

ಹೈಡ್ರೋಸ್ ಬಿಡಬೇಕೆಂದರೆ ಕೊಪ್ಪರಿಗೆಯ ಹತ್ತಿರ ನಿಂತು ಯೋಚಿಸಿ ಪ್ರಯೋಜನವಿಲ್ಲ. ಬೆಲ್ಲದ ಬಣ್ಣ, ಗಟ್ಟಿತನ, ಬಾಳಿಕೆ ಮೂರೂ ಬಹುಪಾಲು ಹೊಲದಲ್ಲೇ ತೀರ್ಮಾನವಾಗಿರುತ್ತವೆ.

ಹೊಲದಲ್ಲಿ

ಯೂರಿಯಾ ಹೆಚ್ಚು ಕುಡಿದ ಕಬ್ಬು ನೋಡಲು ದಪ್ಪ, ಅದರ ಹಾಲು (ಹಿಂಡಿದ ರಸ) ನೀರು. ಸಕ್ಕರೆಯಲ್ಲದ ಸಾರಜನಕದ ಅಂಶಗಳು ಹಾಲಿನಲ್ಲಿ ಹೆಚ್ಚಿದಷ್ಟೂ ಪಾಕ ಕಪ್ಪಾಗುತ್ತದೆ, ಬೆಲ್ಲ ಮೆತ್ತಗೆ ಕೂರುತ್ತದೆ. ಚೌಳು ಮಣ್ಣು, ಉಪ್ಪು ನೀರಿನ ಬೋರ್‌ವೆಲ್ ಇದ್ದರೆ ಬೆಲ್ಲಕ್ಕೆ ಉಪ್ಪುರುಚಿ ಬರುತ್ತದೆ, ಮಳೆಗಾಲದಲ್ಲಿ ಬೇಗ ನೀರೊಡೆಯುತ್ತದೆ. ಅಂಥ ಜಮೀನಿನ ಕಬ್ಬನ್ನು ಬೆಲ್ಲಕ್ಕೆ ಬಳಸದಿರುವುದೇ ವಾಸಿ.

ಎಕರೆಗೆ ಹತ್ತು ಟನ್ ಕಳಿತ ಕೊಟ್ಟಿಗೆ ಗೊಬ್ಬರ ನಾಟಿಗೆ ಮೊದಲೇ ಸೇರಲಿ. ಸಾಲಿನ ನಡುವೆ ಹಸಿರೆಲೆ ಗೊಬ್ಬರಕ್ಕೆ ಅಪ್ಸೆಣಬು ಇಲ್ಲವೇ ಡಯಾಂಚ ಬಿತ್ತಿ, 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಮಗುಚಿ ಮಣ್ಣು ಏರಿಸಿ. ತರಗಿಗೆ ಬೆಂಕಿ ಹಾಕಬೇಡಿ, ಸಾಲು ಬಿಟ್ಟು ಸಾಲಿಗೆ ಹಾಸಿ. ಕೂಳೆ ಬೆಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ಅದೇ ಗೊಬ್ಬರ, ಅದೇ ತೇವ. ತಳಿಗಳಲ್ಲಿ ಕೋ 86032 ಬೆಲ್ಲಕ್ಕೆ ಒಳ್ಳೆಯ ಹೆಸರು ಪಡೆದದ್ದು. ಮಂಡ್ಯ ಕಡೆ ಕೋ 62175 ಹಳೆಯ ಪರಿಚಯ.

ಕಟಾವಿಗೆ ಎರಡು ವಾರ ಮೊದಲು ನೀರು ನಿಲ್ಲಿಸಿ. ರಸದ ಸಿಹಿ ಅಳೆಯುವ, ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮೀಟರಿನಲ್ಲಿ ಬುಡದ ಗಿಣ್ಣು, ತುದಿಯ ಗಿಣ್ಣು ಎರಡರ ರಸವನ್ನೂ ನೋಡಿ. ಎರಡೂ 18 ದಾಟಿ ಹತ್ತಿರ ಹತ್ತಿರ ಬಂದಿದ್ದರೆ ಕಬ್ಬು ಬಲಿತಿದೆ. ತುದಿಯದು ತೀರಾ ಕಡಿಮೆಯಿದ್ದರೆ ಇನ್ನೂ ಕಾಯಬೇಕು.

ಕಡಿದ ಮೇಲೆ

ಕಡಿದ ಕಬ್ಬು ಅಂದೇ ಗಾಣಕ್ಕೆ ಹೋಗಬೇಕು. ಬಿಸಿಲಲ್ಲಿ ಬಿದ್ದಷ್ಟೂ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವು ಹೆಚ್ಚಾದರೆ ಅಚ್ಚು ಕೂರುವುದಿಲ್ಲ. ಹಸಿರು ತುದಿಯ ಎರಡು ಮೂರು ಗಿಣ್ಣು ಕತ್ತರಿಸಿ ದನಕ್ಕೆ ಹಾಕಿ. ಕೆಂಪು ಕೊಳೆ ಬಂದದ್ದು, ಹುಳ ಕೊರೆದದ್ದು, ನೆಲಕ್ಕೆ ಬಿದ್ದು ಬೇರೊಡೆದದ್ದು ಬೇಡ. ಇಂಥ ಕಬ್ಬು ಒಂದು ಹೊರೆ ಸೇರಿದರೂ ಇಡೀ ಕೊಪ್ಪರಿಗೆಯ ಬಣ್ಣ ಕೆಡುತ್ತದೆ.

ಕೊಪ್ಪರಿಗೆಯಲ್ಲಿ

ಹಾಲಿನ ಕೊಳೆ ತೆಗೆಯಲು ಬೆಂಡೆಯ ಲೋಳೆ ಸಾಕು. ಸಾವಿರ ಲೀಟರ್ ಕಬ್ಬಿನ ಹಾಲಿಗೆ ಸುಮಾರು ಎರಡು ಕಿಲೋ ಹಸಿ ಬೆಂಡೆ ಗಿಡ, ಕಾಂಡ ಬೇರು ಸಮೇತ, ಬೇಕು. ಜಜ್ಜಿ, ನೀರಲ್ಲಿ ರಾತ್ರಿ ನೆನೆಸಿ, ಕೈಯಲ್ಲಿ ಹಿಂಡಿದರೆ ಎಳೆಎಳೆಯಾಗಿ ಲೋಳೆ ಬಿಡುತ್ತದೆ. ಔಷಧಿ ಹೊಡೆದ ಬೆಂಡೆ ಹೊಲದ ಗಿಡ ತಂದರೆ ಮಾಡಿದ್ದೆಲ್ಲ ನೀರುಪಾಲು. ಅರೆಯುವ ಕಾಲಕ್ಕೆ ಸರಿಯಾಗಿ ಬದುವಿನಲ್ಲೇ ಒಂದು ಸಾಲು ಬೆಂಡೆ ಬೆಳೆದುಕೊಳ್ಳಿ.

ಹಾಲನ್ನು ಬಟ್ಟೆಯಲ್ಲಿ ಸೋಸಿ ಕೊಪ್ಪರಿಗೆಗೆ ಬಿಡಿ. ಬಿಸಿಯೇರುತ್ತಿದ್ದಂತೆ, ಕುದಿ ಬರುವ ಮುಂಚೆ, ಲೋಳೆ ಸೇರಿಸಿ. ಸುಮಾರು 85 ಡಿಗ್ರಿಯಲ್ಲಿ ಕರಿಹಸಿರು ಮಡ್ಡಿ ದಪ್ಪ ಪದರವಾಗಿ ಮೇಲೆ ಬರುತ್ತದೆ. ಆಗ ಉರಿ ತಗ್ಗಿಸಿ, ಜಾಲರಿ ಸೌಟಿನಿಂದ ನಿಧಾನವಾಗಿ ತೆಗೆಯಿರಿ. ಈ ಹೊತ್ತಲ್ಲಿ ಅವಸರಪಟ್ಟು ಕುದಿ ಬರಿಸಿದರೆ ಮಡ್ಡಿ ಒಡೆದು ಹಾಲಿಗೇ ಬೆರೆಯುತ್ತದೆ, ಆಮೇಲೆ ಯಾವ ಸೌಟಿಗೂ ಸಿಗುವುದಿಲ್ಲ. ಬೆಲ್ಲ ಕಪ್ಪಾಯಿತು ಎಂದು ದೂರುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ.

ನಂತರ ತಿಳಿ ಸುಣ್ಣದ ಹಾಲು. ಕಬ್ಬಿನ ಹಾಲು ಸಹಜವಾಗಿ ಕೊಂಚ ಹುಳಿ, ಪಿಎಚ್ 5.2ರಿಂದ 5.4. ಪಿಎಚ್ ಕಾಗದ ಅದ್ದಿ ನೋಡುತ್ತಾ 6ರಿಂದ 6.4ಕ್ಕೆ ತನ್ನಿ. ಕಡಿಮೆಯಾದರೆ ಕುದಿಯುವಾಗಲೇ ಸಕ್ಕರೆ ಒಡೆದು ಬೆಲ್ಲ ಅಂಟಂಟಾಗುತ್ತದೆ. ಜಾಸ್ತಿಯಾದರೆ ಬಣ್ಣ ಕೆಡುತ್ತದೆ, ಸುಣ್ಣದ ರುಚಿ ನಾಲಿಗೆಗೆ ಹತ್ತುತ್ತದೆ. ಅಂದಾಜಿನಲ್ಲಿ ಬೊಗಸೆ ಸುರಿಯುವ ಅಭ್ಯಾಸ ಬಿಡಬೇಕು.

ಇನ್ನು ಉರಿ ಜೋರು ಮಾಡಬಹುದು. ಒಲೆಗೆ ಒಣ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ಮಾತ್ರ. ಹಳೇ ಟೈರು, ಪ್ಲಾಸ್ಟಿಕ್ ಉರಿಸುವ ಒಲೆಯ ಮೇಲೆ ಸಾವಯವ ಬೆಲ್ಲ ಎನ್ನುವುದೇ ನಗೆಪಾಟಲು. ನೊರೆ ಉಕ್ಕಿದರೆ ಕಡಲೆಕಾಯಿ ಎಣ್ಣೆಯೋ ಹರಳೆಣ್ಣೆಯೋ ಒಂದಿಷ್ಟು ಚಿಮುಕಿಸಿ.

ಹದ

ಅಚ್ಚು ಬೆಲ್ಲಕ್ಕೆ 116ರಿಂದ 118 ಡಿಗ್ರಿ, ಪುಡಿಗೆ 120ರಿಂದ 122. ಥರ್ಮಾಮೀಟರ್ ಇದ್ದರೂ ನೀರಿನ ಪರೀಕ್ಷೆ ಮಾಡಿ: ಸೌಟಿನ ತುದಿಯ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿಸಿ. ಚದುರಿದರೆ ಇನ್ನೂ ಹಸಿ. ಗಟ್ಟಿ ಗೋಲಿಯಾಗಿ, ಕೊಪ್ಪರಿಗೆಯ ಅಂಚಿಗೆ ಬಡಿದಾಗ ಟಣ್ ಎಂದರೆ ಕೂಡಲೇ ಇಳಿಸಿ. ಇಲ್ಲಿಂದ ಮುಂದೆ ನಾಲ್ಕೈದು ಡಿಗ್ರಿ ಹೆಚ್ಚಿದರೂ ಸೀದು ಕಹಿಯಾಗುತ್ತದೆ.

ತೊಟ್ಟಿಗೆ ಸುರಿದು, ಹರಳು ಕಟ್ಟುವವರೆಗೆ ನಡುನಡುವೆ ಮಗುಚಿ, ಒದ್ದೆ ಮಾಡಿದ ಮರದ ಅಚ್ಚಿಗೆ ತುಂಬಿ. ಪುಡಿಗಾದರೆ ತಣಿಯುತ್ತಿದ್ದಂತೆ ಉಜ್ಜಿ, ಜರಡಿ ಹಿಡಿದು, ತೇವ ಶೇ 2ಕ್ಕಿಂತ ಕಡಿಮೆಯಾಗುವಂತೆ ಒಣಗಿಸಿ. ಟನ್ ಕಬ್ಬಿಗೆ ಸುಮಾರು ನೂರು ಕಿಲೋ ಬೆಲ್ಲ ಸಿಕ್ಕರೆ ಇಳುವರಿ ಸರಿಯಾಗಿದೆ.

ಮಾರುವಾಗ

ಹೀಗೆ ಮಾಡಿದ ಬೆಲ್ಲ ಹೊಂಬಣ್ಣದಿಂದ ಕಂದು ಬಣ್ಣದವರೆಗೆ ಇರುತ್ತದೆ, ಕೊಪ್ಪರಿಗೆಯಿಂದ ಕೊಪ್ಪರಿಗೆಗೆ ಬೇರೆಯಾಗುತ್ತದೆ. ಗಿರಾಕಿಗೆ ಇದನ್ನು ಮೊದಲೇ ಹೇಳಿಬಿಡಿ. ಯೂರಿಯಾ ಹಾಕಿದ ಕಬ್ಬಿಂದ ಹೈಡ್ರೋಸ್ ಇಲ್ಲದೆ ಮಾಡಿದ್ದು ‘ರಾಸಾಯನಿಕ ಹಾಕದೆ ಕಾಯಿಸಿದ ಬೆಲ್ಲ’ವೇ ಹೊರತು ಸಾವಯವವಲ್ಲ. ಪ್ಯಾಕೆಟ್ ಮೇಲೆ ಸಾವಯವ ಎಂದು ಹಾಕಲು ಎನ್‌ಪಿಒಪಿ (ಕೇಂದ್ರದ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ಪಿಜಿಎಸ್-ಇಂಡಿಯಾ (ರೈತರ ಗುಂಪೇ ಪರಸ್ಪರ ಪರಿಶೀಲಿಸುವ ಪದ್ಧತಿ) ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮುಂಗಾರಿಗೆ ಮುಂಚೆ ಅಚ್ಚುಗಳನ್ನು ಗಾಳಿಯಾಡದ ಡಬ್ಬಕ್ಕೆ ಸೇರಿಸಿ. ಗೋಣಿಚೀಲದಲ್ಲಿ ಬಿಟ್ಟರೆ ಆಷಾಢದೊಳಗೆ ಬೆವರಲು ಶುರುವಾಗುತ್ತದೆ.