ಬಾಣ ತಿರುಗಿಸಿದ ಮೇಲೆ ಸರಿಹೋದ ಆಹಾರ ಜಾಲ

ಏಳನೇ ತರಗತಿಯ ಮಗಳಿಗೆ ದ್ವೀಪವೊಂದರ ಆಹಾರ ಜಾಲದ ಮಾದರಿ ಬೇಕಾಗಿದ್ದಾಗ, ಕೊಪ್ಪಳದ ನಮ್ಮ ಮನೆಯಲ್ಲಿ ಇಬ್ಬರೂ ಕುಳಿತು ಥರ್ಮಾಕೋಲ್ ಮೇಲೆ ಗುಂಡುಪಿನ್ನು ಚುಚ್ಚಿ, ಕೆಂಪು ಉಣ್ಣೆಯ ದಾರ ಎಳೆದು ಮುಗಿಸಿದ್ದೆವು. ಆದರೆ ಗ್ಯಾಲಪಗೋಸ್‌ನ ಗಿಡುಗದ ಪಕ್ಕದಲ್ಲೇ ಇಂಡೋನೇಷ್ಯಾದ ಕೊಮೊಡೊ ಉಡ ಸೇರಿಕೊಂಡಿತ್ತು. ಸಾಲದ್ದಕ್ಕೆ ಬಾಣಗಳೆಲ್ಲ ತಿನ್ನುವ ಪ್ರಾಣಿಯಿಂದ ಆಹಾರದ ಕಡೆಗೆ ತಿರುಗಿದ್ದವು.

ಒಂದೇ ದ್ವೀಪವನ್ನು ಆರಿಸಿಕೊಂಡದ್ದರಿಂದ ಮೊದಲ ತೊಡಕು ಬಗೆಹರಿಯಿತು. ಅದು ಈಕ್ವೆಡಾರ್‌ಗೆ ಸೇರಿದ ಗ್ಯಾಲಪಗೋಸ್ ಸಮೂಹದ ಫರ್ನಾಂಡಿನಾ. ಲಾವಾ ಹರಡಿದ ಆ ದಡದ ಜಾಲವನ್ನು ಹುಲ್ಲಿನಿಂದಲ್ಲ, ಕಡಲಪಾಚಿಯಿಂದ ಆರಂಭಿಸಬೇಕೆಂಬುದು ನಮಗೆ ಮನವರಿಕೆಯಾದದ್ದು ಆಗಲೇ. ಪಾಚಿಯನ್ನು ದೊಡ್ಡ ಹಲ್ಲಿಯಂಥ ಕಡಲ ಇಗುವಾನಗಳೂ ಕೆಂಪು ಏಡಿಗಳೂ ಮೇಯುತ್ತವೆ. ಇಗುವಾನದ ಮರಿಗಳನ್ನು ಹಾವುಗಳು ಹಿಡಿಯುತ್ತವೆ, ಗಿಡುಗವಂತೂ ಬೆಳೆದ ಇಗುವಾನಗಳ ಮೇಲೂ ಎರಗುತ್ತದೆ. ಹಾರಲಾರದ ನೀರುಕಾಗೆ ಮುಳುಗಿ ಮೀನು, ಆಕ್ಟೋಪಸ್ ಹಿಡಿಯುತ್ತದೆ. ಎಲ್ ನಿನೊ ವರ್ಷಗಳಲ್ಲಿ ನೀರು ಬಿಸಿಯಾಗಿ ಪಾಚಿ ಕ್ಷೀಣಿಸಿದಾಗ ಅನೇಕ ಇಗುವಾನಗಳು ಹಸಿವಿನಿಂದ ಸಾಯುತ್ತವೆ, ಉಳಿದವುಗಳ ದೇಹದ ಉದ್ದವೇ ಶೇ. 20ರವರೆಗೆ ಕುಗ್ಗಿದ್ದೂ ದಾಖಲಾಗಿದೆ ಎಂದು ಓದಿ ಹೇಳಿದಾಗ ಮಗಳು ಬಹಳ ಹೊತ್ತು ಮಾತಾಡಲಿಲ್ಲ.

ಬಾಣ ತೋರಿಸಬೇಕಾದದ್ದು ಶಕ್ತಿ ಹರಿಯುವ ದಿಕ್ಕನ್ನು, ಅಂದರೆ ತಿನ್ನಲ್ಪಡುವುದರಿಂದ ತಿನ್ನುವುದರ ಕಡೆಗೆ. ಆದ್ದರಿಂದ ದಾರಗಳನ್ನು ಹಾಗೆಯೇ ಬಿಟ್ಟು, ಕಾಗದದ ಬಾಣಗಳನ್ನಷ್ಟೇ ಕಿತ್ತು ಇನ್ನೊಂದು ತುದಿಗೆ ಅಂಟಿಸಿದೆವು. ಸತ್ತದ್ದನ್ನೆಲ್ಲ ಕೊಳೆಯಿಸುವ ಬ್ಯಾಕ್ಟೀರಿಯಾಗಳಿಗೆಂದು ಕೊನೆಯ ಪಿನ್ನನ್ನು ಮಗಳೇ ಚುಚ್ಚಿದಳು.