ಅಟ್ಟದ ಕಂಬಳಿಗೂ ಒಂದು ಚೀಟಿ ಬರೆಯಿರಿ

ಮನೆಯ ಹಳೆ ಬಟ್ಟೆ ಉಳಿಸಬೇಕು ಅಂದ ತಕ್ಷಣ ಎಲ್ಲರ ಕೈ ರೇಷ್ಮೆ ಸೀರೆಗೆ ಹೋಗುತ್ತದೆ. ನನ್ನ ಮಾತು ಕೇಳಿ, ಮೊದಲು ಕಂಬಳಿ ತೆಗೆಯಿರಿ. ರೇಷ್ಮೆಯನ್ನು ಹೇಗೂ ಯಾರಾದರೂ ಕಾಪಾಡುತ್ತಾರೆ. ಸಸಿ ನಟ್ಟಿಯಲ್ಲಿ ಮಳೆಗೆ ತಲೆ, ಬೆನ್ನು ಮುಚ್ಚುವ ಹಾಗೆ ಕೊಪ್ಪೆ ಹಾಕಿಕೊಂಡು ದಿನವಿಡೀ ಬಗ್ಗಿ ನಿಂತವರ ಕಂಬಳಿ, ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿ, ಇವನ್ನು ಮಾತ್ರ ನಾಯಿ ಮಲಗಲು ಹಾಕಿಬಿಡುತ್ತೇವೆ. ಮಲೆನಾಡಿನ ಮಳೆಗಾಲವನ್ನು ಜನ ಹೇಗೆ ಕಳೆದರು ಅಂತ ಮುಂದೆ ಯಾರಾದರೂ ತಿಳಿಯಬೇಕಾದರೆ ಬೇಕಾಗುವುದು ಇವೇ ಅಲ್ವಾ?

ಅಟ್ಟದಿಂದ ಇಳಿಸಿದ ಮೇಲೆ ಒಗೆಯಬೇಡಿ. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತದ್ದು. ಅಜ್ಜಿಯ ಕಂಬಳಿ ಹೊಗೆ ವಾಸನೆ ಬರುತ್ತಿದೆ ಅಂತ ಬಿಸಿನೀರಿನಲ್ಲಿ ನೆನೆಹಾಕಿ ಚೆನ್ನಾಗಿ ಉಜ್ಜಿದೆ. ಉಣ್ಣೆ ಗಂಟುಕಟ್ಟಿ ಕುಗ್ಗಿಹೋಯಿತು. ನೇಯುವವರು ಹಾಕಿದ್ದ ಹುಣಸೆಬೀಜದ ಗಂಜಿ, ಅದರಿಂದಲೇ ಬಂದಿದ್ದ ಆ ಬಿಗಿ, ಎಲ್ಲ ನೀರಿನ ಜೊತೆ ಹೋಯಿತು. ಬಚ್ಚಲ ಒಲೆಯ ಮೇಲೆ ಎಷ್ಟೋ ಮಳೆಗಾಲ ಒಣಗಿದ್ದಕ್ಕೆ ಉಳಿದಿದ್ದ ಸಾಕ್ಷಿ ಆ ಹೊಗೆ ವಾಸನೆ. ಅದೂ ಹೋಯಿತು. ಹಾಗಾಗಿ ಕಲೆ, ತೇಪೆ, ಸವೆದ ಅಂಚು ಹಾಗೇ ಇರಲಿ. ಧೂಳನ್ನು ಮೃದು ಬ್ರಷ್‌ನಿಂದ ಮೆಲ್ಲಗೆ ತೆಗೆದರೆ ಸಾಕು.

ಆಮೇಲೆ ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. ಬಟ್ಟೆಯನ್ನು ಅವರ ಮಡಿಲಲ್ಲಿಟ್ಟು ಕೇಳಿ, ಸುಮ್ನೆ ಕೇಳಿದರೆ ನೆನಪು ಬರುವುದಿಲ್ಲ, ಕೈಗೆ ತಗುಲಿದರೆ ಬರುತ್ತದೆ. ಯಾರದು, ಯಾವ ಸಂತೆಯಲ್ಲಿ ಕೊಂಡದ್ದು, ದುಡ್ಡು ಕೊಟ್ಟರೋ ಭತ್ತ ಕೊಟ್ಟರೋ, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಈ ತೇಪೆ ಹಾಕಿದ್ದು ಯಾರು. ಅವರು ಬಳಸಿದ ಪದಗಳನ್ನೇ ಬರೆದುಕೊಳ್ಳಿ, ತಿದ್ದಬೇಡಿ. ಪೆನ್ಸಿಲ್‌ನಲ್ಲಿ ಬರೆಯಿರಿ, ನಮ್ಮ ಕಡೆಯ ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ. ಚೀಟಿಯನ್ನು ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ. ಪಿನ್ನು ಬೇಡವೇ ಬೇಡ, ತುಕ್ಕು ಹಿಡಿದು ಬಟ್ಟೆ ತಿನ್ನುತ್ತದೆ.

ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ. ಒಳಮೈಯ ಫೋಟೋನೂ ಬೇಕು, ಹೊಲಿಗೆಯ ಗುಟ್ಟು ಅಲ್ಲೇ ಇರುವುದು. ದಪ್ಪ ಕಾಗದದಲ್ಲಿ 1 ಇಂಚಿನ ಚೌಕದ ಕಿಂಡಿ ಕತ್ತರಿಸಿ ಬಟ್ಟೆಯ ಮೇಲಿಟ್ಟು, ಅದರೊಳಗೆ ಹಾಸು (ಉದ್ದದ ನೂಲು) ಎಷ್ಟು ಎಳೆ, ಹೊಕ್ಕು (ಅಡ್ಡ ನೂಲು) ಎಷ್ಟು ಎಳೆ ಎಣಿಸಿ. ಇಳಕಲ್ ಸೀರೆ ಅನ್ನಿಸಿದರೆ ಮೈ ಮತ್ತು ಸೆರಗು ಸೇರುವ ಜಾಗ ನೋಡಿ, ಅಲ್ಲಿ ಎರಡು ಹಾಸುಗಳನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ನೂಲು ಯಾವುದು ಗೊತ್ತಾಗದಿದ್ದರೆ ತಾನಾಗಿಯೇ ಬಿಟ್ಟುಕೊಂಡ ಒಂದು ಎಳೆ ಸುಟ್ಟು ನೋಡಿ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಪಾಲಿಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಇಡುವುದು ನಮ್ಮಲ್ಲಿ ದೊಡ್ಡ ತಲೆನೋವು. ಜೂನ್‌ನಿಂದ ಬೂಷ್ಟು ಶುರು. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಇನ್ನೂ ಜಾಸ್ತಿಯಾಗುತ್ತದೆ. ಗಂಜಿ ಪೂರ್ತಿ ಹೋಗುವಂತೆ ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮರದ ಪೆಟ್ಟಿಗೆಯಾದರೆ ಒಳಗೂ ಅಂಥದೇ ಬಟ್ಟೆ ಹಾಸಿ, ಮರ ನೇರವಾಗಿ ತಾಗಬಾರದು. ಮಡಚುವುದಕ್ಕಿಂತ ಸುರುಳಿ ಸುತ್ತುವುದು ಒಳ್ಳೆಯದು, ಮಡಚಲೇಬೇಕಾದರೆ 3–4 ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ, ಇಲ್ಲದಿದ್ದರೆ ಜರಿ ಅಲ್ಲೇ ಮುರಿಯುತ್ತದೆ. ದೀಪಾವಳಿ ಕಳೆದ ಮೇಲೆ ಒಣ ಹವೆಯಲ್ಲಿ ಹೊರಗೆ ಹರಡಿ, ಆದರೆ ನೆರಳಿನಲ್ಲಿ. ಕಂಬಳಿಗೆ ಹುಳ ಬಿದ್ದಿದ್ದರೆ ಗಾಳಿಯಾಡದಂತೆ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 2 ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಹಳೆ ಬಟ್ಟೆಯಿಂದ ಹೊಸದು ಮಾಡುವ ಆಸೆ ಇದ್ದರೆ ದಯವಿಟ್ಟು ಕತ್ತರಿ ಹಾಕಬೇಡಿ. ಹಳೆ ಜರಿ ಸೀರೆ ಕೊಳ್ಳುತ್ತೇವೆ ಅಂತ ಬರುವವರಿಗೂ ಕೊಡಬೇಡಿ, ಅವರು ಬೆಳ್ಳಿಗಾಗಿ ಸುಟ್ಟುಬಿಡುತ್ತಾರೆ. ಎಣಿಸಿದ ಎಳೆ, ಅಳತೆ, ಫೋಟೋ ಇಷ್ಟು ಹಿಡಿದುಕೊಂಡು ನೇಕಾರರ ಹತ್ತಿರ ಹೋಗಿ. ಸಾಗರದ ಹೆಗ್ಗೋಡು ಹತ್ತಿರ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುತ್ತಾರೆ, ಅಡಿಕೆ ಬೇಯಿಸಿದ ಮೇಲೆ ಉಳಿಯುವ ನಮ್ಮ ಚೊಗರಿನ ಕಂದುಗೆಂಪು ಬಣ್ಣವನ್ನು ಅಲ್ಲಿ ನೋಡಬಹುದು. ಅದೇ ಚೊಗರಿಗೆ ಕಬ್ಬಿಣದ ಅಂಶ ಸೇರಿಸಿದರೆ ಬಣ್ಣ ಕಪ್ಪಿನ ಕಡೆಗೆ ತಿರುಗುತ್ತದೆ. ಹಳೆಯದು ಪೆಟ್ಟಿಗೆಯಲ್ಲೇ ಇರಲಿ, ಅದನ್ನು ನೋಡಿ ಹೊಸದು ಹುಟ್ಟಲಿ.

ನಾನು ಹಾಳುಮಾಡಿದ ಆ ಕಂಬಳಿ ಈಗಲೂ ಪೆಟ್ಟಿಗೆಯಲ್ಲಿದೆ. ಅಜ್ಜಿಯ ಹೆಸರಿನ ಕೆಳಗೆ ಚೀಟಿಯಲ್ಲಿ ಇದನ್ನೂ ಬರೆದಿದ್ದೇನೆ: ಬಿಸಿನೀರಿಗೆ ಹಾಕಿದ್ದರಿಂದ ಕುಗ್ಗಿದೆ, ಈಗಿನ ಅಳತೆ ಮೂಲ ಅಳತೆಯಲ್ಲ.